ಈ ವಾರ ಭಾಷಣ ಇಲ್ಲ

ನಮ್ಮ ಫುಟ್‌ಬಾಲ್ ಕ್ಲಬ್ಬು ಕೆಳಗಿನ ಡಿವಿಷನ್ನಿಗೆ ಬಿದ್ದ ಮೇಲೆ ಗ್ಯಾಲರಿಯಲ್ಲಿ ಕಾಗೆಗಳೇ ಹೆಚ್ಚು. ಆದರೂ ಅಧ್ಯಕ್ಷ ಮುದ್ದುಕೃಷ್ಣಪ್ಪನವರು ಪ್ರತಿ ಪಂದ್ಯಕ್ಕೂ ಮುಂಚೆ, ಮುಂದಿನ ವರ್ಷ ಕಪ್ಪು ನಮ್ಮದೇ ಎಂದು ಮುಕ್ಕಾಲು ಗಂಟೆ ಭಾಷಣ ಬಿಗಿಯುತ್ತಿದ್ದರು.

"ಭಾನುವಾರ ಸ್ಪಾನ್ಸರ್ ಸಹಿ ಹಾಕೋಕೆ ಬರ್ತಾರೆ. ಗ್ಯಾಲರಿ ತುಂಬದಿದ್ರೆ ಕ್ಲಬ್ಬಿಗೆ ಬೀಗ, ನಿನಗೆ ಮನೆ ದಾರಿ!" ಎಂದು ಟಿಕೆಟ್ ಗುಮಾಸ್ತನ ಮೇಲೆ ಗುಡುಗಿದರು.

ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಉಬ್ಬಿಹೋಗಿ ಮೈಕಿಗೆ ಕೈ ಹಾಕಿದರು. ತಕ್ಷಣ ಜನ ಎದ್ದು ಗೇಟಿನತ್ತ ತಿರುಗಿದರು. ಸ್ಪಾನ್ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಗುಮಾಸ್ತ ಓಡಿಬಂದು, ತಾನು ಊರೆಲ್ಲ ಅಂಟಿಸಿದ್ದ ಪೋಸ್ಟರನ್ನು ಅಧ್ಯಕ್ಷರ ಕೈಗಿಟ್ಟ: "ಈ ವಾರ ಅಧ್ಯಕ್ಷರ ಭಾಷಣ ಇರುವುದಿಲ್ಲ."

ಅಧ್ಯಕ್ಷರು ಮೆಲ್ಲಗೆ ಮೈಕು ಕೆಳಗಿಟ್ಟರು. "ಪಂದ್ಯ ಮುಗಿದ ಮೇಲಾದ್ರೂ ಎರಡು ಮಾತಾಡಲೇನಯ್ಯ?"

"ಧಾರಾಳವಾಗಿ ಮಾತಾಡಿ ಸಾರ್. ಮೈದಾನ ಖಾಲಿ ಮಾಡಿಸೋಕೆ ಪೊಲೀಸರನ್ನ ಕರೆಸೋದು ತಪ್ಪುತ್ತೆ."