ಹದಿನಾರು ಮೆಟ್ಟಿಲ ಬಾವಿ

ಬೀದಿಯಲ್ಲಿ ತಮಟೆ ಬಡಿದು ಸಾರುತ್ತಾರಲ್ಲ ಚಿನ್ನೂ, ಅದಕ್ಕೇನೆನ್ನುತ್ತಾರೆ, ಡಂ... ಡಂಬರ ಅಲ್ಲ, ಡಂಗುರ. ಹಾಂ, ಆಫ್ರಿಕಾದ ಒಣಸೀಮೆಯ ದೊರೆ ಬೊನಾಯ ಡಂಗುರ ಹೊಡೆಸಿದ: ಮೂರು ಒಗಟು ಬಿಡಿಸಿದವನಿಗೆ ಮಗಳನ್ನೂ ನ್ಯಾಯಪೀಠವನ್ನೂ ಕೊಡುತ್ತೇನೆ, ತಪ್ಪಿದವನ ತಲೆ ಉಳಿಯುವುದಿಲ್ಲ.

ಅವನ ನಾಡಿನಲ್ಲಿ ದನದವರಿಗೂ ಒಂಟೆಯವರಿಗೂ ಇದ್ದದ್ದು ಆಳವಾದ ಒಂದೇ ಬಾವಿ. ಹದಿನಾರು ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ನಿಂತು, ಹಾಡುತ್ತ, ತೊಗಲಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ನೀರೆತ್ತಬೇಕು. ಜಗಳವಾಗದಿರಲೆಂದು ದೊರೆ ಇವರಿಗೊಂದು ದಿನ, ಅವರಿಗೊಂದು ದಿನ ಗೊತ್ತುಮಾಡಿದ್ದ. ಆದರೂ ಹೆಣ ಬೀಳುವುದು ನಿಲ್ಲಲಿಲ್ಲ.

ದನದವರ ಗಲ್ಮ ಬಾವಿಯ ತಳದಲ್ಲಿ ಕೆಸರು ಬಾಚುವವನು. ಇಬ್ಬರು ಅಣ್ಣಂದಿರನ್ನು ಆ ಜಗಳದಲ್ಲೇ ಕಳೆದುಕೊಂಡಿದ್ದ. ಈಗ ತಮ್ಮನೂ ಈಟಿ ಮಸೆಯುತ್ತ ಕೂತದ್ದನ್ನು ನೋಡಿ ಅರಮನೆಗೆ ಹೊರಟ.

ಅಷ್ಟರಲ್ಲಿ ಸೇನಾಪತಿ ಮೊದಲನೆಯ ಒಗಟಿಗೇ ಖಜಾನೆ ಅಂದು ತಲೆ ಕೊಟ್ಟಿದ್ದ. ಜೋಯಿಸ ಅದನ್ನು ದಾಟಿದರೂ ಎರಡನೆಯದಕ್ಕೆ ಕಿರೀಟ ಅಂದು ಮುಗಿದುಹೋಗಿದ್ದ.

“ಕಾಲಾದರೂ ತೊಳಕೊಂಡು ಬಾರಯ್ಯ,” ಅಂದ ಬಾಗಿಲು ಕಾಯುವವ.

“ನೀರು ಎತ್ತುವವನು ನಾನೇ ಅಣ್ಣ. ಚೆಲ್ಲಲು ಮನಸ್ಸು ಬರಲ್ಲ.”

ದೊರೆ ಕೇಳಿದ: “ತೆಗೆದಷ್ಟೂ ತಿಳಿಯಾಗುತ್ತದೆ, ಮುಟ್ಟದೆ ಕಾವಲಿಟ್ಟರೆ ಕೊಳೆಯುತ್ತದೆ. ಏನದು?”

“ಬಾವಿ.”

“ಹಲವು ಕೈ ಅದನ್ನು ಮೇಲಕ್ಕೆತ್ತುತ್ತವೆ. ಒಂದು ಕೈ ತನ್ನಲ್ಲೇ ಇಟ್ಟುಕೊಂಡರೂ ಎಲ್ಲರೂ ಸಾಯುತ್ತಾರೆ.”

“ಬಕೆಟ್ಟು.”

ದೊರೆಯ ದನಿ ತಗ್ಗಿತು. “ಆರು ಸಲ ನನ್ನ ಮರದಡಿ ಹೋರಿ ಕಡಿದು, ಊಟ ಹಾಕಿ ಹುಟ್ಟಿಸಿದೆ. ಆರು ಸಲವೂ ಮಳೆಗೆ ಮೊದಲೇ ಸತ್ತಿತು. ಏನದು? ಅದಕ್ಕೇನು ಕಡಿಮೆಯಾಗಿತ್ತು?”

“ನಮಗೂ ಒಂಟೆಯವರಿಗೂ ನೀವು ಮಾಡಿಸಿದ ರಾಜಿ, ದೊರೆ. ಅದಕ್ಕೆ ಮರುದಿನ ಮಾಡಲು ಕೆಲಸವಿರಲಿಲ್ಲ.”

ಗಲ್ಮ ಬಿಡಿಸಿ ಹೇಳಿದ. ದಿನ ಬೇರೆಯಾದ ಮೇಲೆ ಕೆಲಸದಲ್ಲಿ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ಕಂಡಿಲ್ಲ. ಕೆಸರು ಅವರು ಬಾಚಲಿ ಎಂದು ಇವರು, ಇವರು ಬಾಚಲಿ ಎಂದು ಅವರು ಬಿಟ್ಟಿದ್ದಾರೆ. ತಾನೊಬ್ಬನೇ ಎಷ್ಟು ಬಾಚುವುದು? ಕೆಸರು ತುಂಬಿ ನೀರು ಇಳಿದಾಗಲೆಲ್ಲ ಆ ಕಡೆಯವರು ಕದ್ದರೆಂದು ಈಟಿ ಎತ್ತಿದ್ದಾರೆ. ಒಂದು ಮೆಟ್ಟಿಲಿಗೆ ದನದವನು, ಮೇಲಿನದಕ್ಕೆ ಒಂಟೆಯವನು ನಿಲ್ಲಲಿ. ಕೆಸರನ್ನೂ ಜೋಡಿಯಾಗಿ ಬಾಚಲಿ.

ರಾಜಕುಮಾರಿ ಕಬಲೆ ಮೆಲ್ಲಗೆ ಕೇಳಿದಳು: “ಉತ್ತರ ಸರಿಯೇ ಅಪ್ಪಾ?”

“ನನಗೆ ಗೊತ್ತಿದ್ದರೆ ಕೇಳುತ್ತಿದ್ದೆನೇನಮ್ಮ?”

ಹಾಗಾಗಿ ಮಳೆ ಬರುವವರೆಗೆ ಗಲ್ಮನ ತಲೆ ಒತ್ತೆಯಾಯಿತು. ತಮ್ಮನನ್ನು ಅವನು ಒಂಟೆಯವರಿಬ್ಬರ ನಡುವೆ ನಿಲ್ಲಿಸಿದ. ಮೊದಲ ದಿನ ತಮ್ಮ ಈಟಿ ಹಿಡಿದೇ ಇಳಿದ. ಕೆಳಗಿನಿಂದ ಬಕೆಟ್ಟು ಬಂತು. ಹಿಂದೆಯೇ ಇನ್ನೊಂದು. ಮೇಲಿನವ, “ಹಾಡು ತಪ್ಪುತ್ತಿದೆ, ಬೇಗ ಕೊಡೋ ಮಾರಾಯ,” ಎಂದು ಬೈದ. ತಮ್ಮ ಈಟಿಯನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿದ.

ಮಳೆ ಬಂತು. ಆ ವರ್ಷ ಒಂದು ಹೆಣವೂ ಬೀಳಲಿಲ್ಲ. ಕಬಲೆ ಒಪ್ಪಿ ಗಲ್ಮನ ಕೈ ಹಿಡಿದಳು. ನ್ಯಾಯಪೀಠವನ್ನು ಅವನು ಬಾವಿಯ ಬಾಯಿಗೇ ತಂದು ಹಾಕಿಸಿದ.

ಏಳು ಮಳೆ ಕಳೆದ ಮೇಲೆ ಮುದಿ ದೊರೆ ಬಾವಿಯೊಳಗೆ ಬಗ್ಗಿ, ಅಂತೂ ಜಗಳ ಮುಗಿಯಿತೇನಪ್ಪ ಎಂದು ಕೇಳಿದ. ಕೆಸರಲ್ಲಿ ನಿಂತಿದ್ದ ಅಳಿಯ ತಲೆಯೆತ್ತಿದ.

“ಇವತ್ತಿನದು ಮುಗಿಯಿತು ಮಾವ. ನಾಳೆಯದಕ್ಕೆ ನಾಳೆ ಇಳಿಯುತ್ತೇವೆ.”

ಈ ಮಾತನ್ನು ಬರೆದಿಡು ಚಿನ್ನೂ, ಅವನು ಹೇಳಿದ ಹಾಗೇ.