ಸುಲಿದ ಸಿಗಡಿ

"ಗುರುಗಳೇ, ಎಂಟು ವರ್ಷದಿಂದ ನಿಮ್ಮ ಹತ್ತಿರ ಕಲಿಯುತ್ತಿದ್ದೇನೆ. ಒಂದು ಪದ್ಯದ ಅರ್ಥವನ್ನೂ ನೀವು ಪೂರ್ತಿ ಹೇಳಿಕೊಟ್ಟಿಲ್ಲ. ನನ್ನ ಮೇಲೆ ನಿಮಗೆ ಪ್ರೀತಿ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಜಗಲಿಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಕಡಲ ನೀರು ತುಂಬಿ, ಜೀವಂತ ಹವಳ ಬೆಳೆಸಿದ್ದ. ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಪಫರ್ ಮೀನು. ಹೆದರಿದರೆ ನೀರು ನುಂಗಿ ನಿಂಬೆಹಣ್ಣಿನಂತೆ ಉಬ್ಬುತ್ತಿತ್ತು. ಅದೆಂದರೆ ವರ್ತಕನಿಗೆ ಪಂಚಪ್ರಾಣ.

ಈ ಜಾತಿಯ ಮೀನು ಹವಳ ಕಚ್ಚುತ್ತದೆ ಎಂದು ತಿಳಿದವರು ಹೆದರಿಸಿದ್ದರು. ಕಚ್ಚುವ ಚಟವೇ ಹತ್ತದಿರಲಿ ಎಂದು ವರ್ತಕ ಉಪಾಯ ಮಾಡಿದ. ದಿನವೂ ಸಿಗಡಿ ಸುಲಿದು, ಸಣ್ಣಗೆ ಕೊಚ್ಚಿ, ಅದರ ಬಾಯಿಗೇ ಹಿಡಿಯುತ್ತಿದ್ದ. ಹೆಂಡತಿಗೆ ಒಂದು ದಿನವೂ ಹಲಸಿನ ತೊಳೆ ಬಿಡಿಸಿ ಕೊಟ್ಟವನಲ್ಲ! ಹವಳಕ್ಕೆ ಒಂದು ಗೀರೂ ಬೀಳಲಿಲ್ಲ. ವರ್ತಕ ಬೀಗಿದ.

ವರ್ಷ ಕಳೆಯುವಷ್ಟರಲ್ಲಿ ಮೀನು ತಿನ್ನುವುದನ್ನು ಬಿಟ್ಟಿತು. ಚೂರಿನ ಹತ್ತಿರ ಬಂದು ಮೂತಿ ತಾಗಿಸಿ ಹಿಂದೆ ಸರಿಯುತ್ತಿತ್ತು. ಹೊಟ್ಟೆ ಬೆನ್ನಿಗೆ ಅಂಟಿತು. ವರ್ತಕ ನೀರು ಬದಲಿಸಿದ, ಔಷಧ ಹಾಕಿದ, ಸಿಗಡಿಯನ್ನು ಇನ್ನೂ ನುಣ್ಣಗೆ ಅರೆದ. ಇನ್ನೆರಡು ದಿನ ಹೀಗೇ ಆದರೆ ಮೀನು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಅವನಿಗೂ ಅನ್ನ ಸೇರಲಿಲ್ಲ.

ಸಿಗಡಿ ಮಾರಲು ಬಂದ ಹೆಂಗಸು ತೊಟ್ಟಿಯೊಳಗೆ ಬಗ್ಗಿ ನೋಡಿದಳು. ಈ ಜಾತಿಯ ಮೀನುಗಳು ಕಡಿದ ಬಲೆಗಳನ್ನು ಹೆಣೆದು ಹೆಣೆದೇ ಅವಳ ಬೆರಳು ಸವೆದಿದ್ದವು.

"ಇದಕ್ಕೆ ಕಾಯಿಲೆ ಎಂತದ್ದೂ ಇಲ್ಲ ಧಣಿಗಳೇ. ಹಲ್ಲು ಬೆಳೆದು ಬಾಯಿ ಕಟ್ಟಿದೆ. ಚಿಪ್ಪು ಕಡಿದರಲ್ವಾ ಹಲ್ಲು ಸವೆಯುವುದು? ಎಲ್ಲ ನೀವೇ ಸುಲಿದು ಕೊಟ್ಟರೆ ಅದು ಎಂತ ಮಾಡಬೇಕು ಮಾರಾಯ್ರೆ?"

"ಪ್ರೀತಿಯಿಂದ ಮಾಡಿದ್ದಮ್ಮ" ಎಂದು ವರ್ತಕ ತಲೆ ತಗ್ಗಿಸಿದ.

"ಅದು ಕಾಣ್ತದೆ. ನೇಲ್ ಕಟರ್ ಉಂಟಾ? ತನ್ನಿ."

ಅವಳು ಮೀನನ್ನು ಮೇಲೆತ್ತಲಿಲ್ಲ. ಗಾಳಿ ನುಂಗಿ ಉಬ್ಬಿದರೆ ಪ್ರಾಣಕ್ಕೇ ಸಂಚಕಾರ. ನೀರಿನೊಳಗೇ ಬಟ್ಟೆಯಲ್ಲಿ ಹಿಡಿದು ಹಲ್ಲಿನ ತುದಿ ಕತ್ತರಿಸಿದಳು. ವರ್ತಕ ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ಅವಳು ಬುಟ್ಟಿಯಿಂದ ಚಿಪ್ಪು ಸಹಿತ ಒಂದು ಪುಟ್ಟ ಶಂಖದ ಹುಳು ತೆಗೆದು ತೊಟ್ಟಿಗೆ ಹಾಕಿದಳು.

ಮೀನು ಕಚ್ಚಿತು, ಚಿಪ್ಪು ಜಾರಿತು. ಮತ್ತೆ ಕಚ್ಚಿತು; ಮತ್ತೆ ಜಾರಿತು. ಒಡೆದು ಕೊಡೋಣವೆಂದು ವರ್ತಕನ ಕೈ ನೀರಿಗೆ ಹೋಯಿತು. ಹೆಂಗಸು ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಮೀನು ಸೋತು ಬಿಡಲಿಲ್ಲ. ಕೊನೆಗೆ 'ಟಕ್' ಎಂಬ ಸದ್ದು ಗಾಜಿನ ಹೊರಗೂ ಕೇಳಿತು.

"ಒಡೆಯಿತು! ಒಡೆಯಿತು!" ಎಂದು ವರ್ತಕ ಬೀದಿಗೆಲ್ಲ ಕೇಳುವಂತೆ ಕೂಗಿದ. ಹೆಂಡತಿ ಒಲೆಯ ಮೇಲಿದ್ದುದನ್ನು ಬಿಟ್ಟು ಓಡಿಬಂದಳು. ಅಂದು ಮನೆಯಲ್ಲಿ ಅನ್ನ ಸೀದಿತು. ಇಬ್ಬರೂ ಅದನ್ನೇ ಹೊಟ್ಟೆ ತುಂಬ ಉಂಡರು.

ತಿಂಗಳೊಳಗೆ ಮೀನು ಮೈತುಂಬಿಕೊಂಡಿತು. ಹವಳದ ಮೇಲೆ ಒಂದೆರಡು ಕಡೆ ಹಲ್ಲಿನ ಗುರುತೂ ಬಿತ್ತು. ಮನೆಗೆ ಬಂದವರಿಗೆಲ್ಲ ವರ್ತಕ ಮೊದಲು ತೋರಿಸುತ್ತಿದ್ದದ್ದು ಆ ಗುರುತನ್ನೇ.

ಗುರುಗಳು ಕತೆ ಮುಗಿಸಿದರು. ಶಿಷ್ಯ "ಗುರುಗಳೇ, ಈ ಕತೆಯ ಅರ್ಥ?" ಎಂದು ಕೇಳಿದ.

"ಎಲ್ಲಿ, ಬಾಯಿ ತೆರೆ, ನಿನ್ನ ಹಲ್ಲು ಎಷ್ಟು ಬೆಳೆದಿದೆ ನೋಡೋಣ" ಎಂದರು ಗುರುಗಳು.