ನವಿಲರಾಯ ಮತ್ತು ಖಾಲಿ ದೋಸೆ

ಯಾತ್ರೆ ಹೊರಟ ನವಿಲರಾಯನಿಗೆ ದಾರಿಯಲ್ಲಿ ಹೊಟ್ಟೆ ಚುರುಗುಟ್ಟಿತು. ಅಳಿಲಮ್ಮನ ಅಗ್ಗದ ಸಸ್ಯಾಹಾರಿ ಹೋಟೆಲಿಗೆ ನುಗ್ಗಿ, "ತಿನ್ನಲು ಏನಿದೆ?" ಎಂದ.

"ಖಾಲಿ ದೋಸೆ, ಸ್ವಾಮಿ."

ದೋಸೆ ಮುಗಿದುಹೋಯಿತೆಂದು ತಿಳಿದ ನವಿಲರಾಯ ಮುಖ ಊದಿಸಿಕೊಂಡು ಕೂತ. ಪಕ್ಕದಲ್ಲೇ ಆಮೆಯೊಂದು ಮೆತ್ತನೆಯ ದೋಸೆಯನ್ನು ಸಾಗುವಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿತ್ತು. ವಿಚಾರಿಸೋಣವೆಂದರೆ ಇಷ್ಟುದ್ದ ಗರಿ ಹೊತ್ತವನ ಮರ್ಯಾದೆ ಏನಾದೀತು?

ಕೊನೆಗೆ ಆಮೆಯೇ ಮರುಗಿ, "ರಾಯರೇ, ಪಲ್ಯ ಇಡದ ಬರೀ ದೋಸೆಗೆ ಇಲ್ಲಿ ಖಾಲಿ ದೋಸೆ ಅಂತಾರೆ. ಒಂದು ಮಾತು ಕೇಳಬಾರದಿತ್ತೆ?" ಎಂದಿತು.

"ನನಗೆ ಗೊತ್ತಿಲ್ಲವೇ! ಹೊಟ್ಟೆ ಇನ್ನಷ್ಟು ಹಸಿಯಲಿ ಅಂತ ಕಾದೆ," ಎಂದು ಕತ್ತು ಕೊಂಕಿಸುತ್ತ ನವಿಲರಾಯ ಒಲೆಯ ಬಳಿ ಹೋದ.

ಅಳಿಲಮ್ಮ ಹಿಟ್ಟಿನ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಳು. "ದೋಸೆ ಖಾಲಿ, ಸ್ವಾಮಿ."

"ಗೊತ್ತಮ್ಮಾ, ಗೊತ್ತು," ಎಂದ ನವಿಲರಾಯ. "ಅದನ್ನೇ ಎರಡು ಕೊಡು."